ಸಿಹಿ ಎಂದರೆ ಮೂಗು ಮುರಿಯುವ ಮುನ್ನ

ಉತ್ತರ ಇಟಲಿಯಲ್ಲಿ ಕ್ರಿಸ್‌ಮಸ್ ಊಟ ಬೇಗ ಮುಗಿಯುವ ಬಾಬತ್ತಲ್ಲ. ಮಧ್ಯಾಹ್ನ ಕೂತವರು ಏಳುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ. ಪಾಸ್ತಾ, ಮಾಂಸ, ಚೀಸ್ ಎಲ್ಲ ಮುಗಿದು ಹಿರಿಯರು ಕುರ್ಚಿಯಲ್ಲೇ ತೂಕಡಿಸತೊಡಗಿದಾಗ ಮೇಜಿಗೆ ಪಾನೆತ್ತೋನೆ ಬರುತ್ತದೆ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಚೂರು ಸೇರಿಸಿ ಬೇಯಿಸಿದ, ಎತ್ತರಕ್ಕೆ ಉಬ್ಬಿದ ಸಿಹಿ ಬ್ರೆಡ್ಡು ಅದು. ಅದರ ಬೆನ್ನಿಗೇ ತಣ್ಣನೆಯ ಒಂದು ಬಾಟಲಿ. ಬಿರಡೆ ಬಿಚ್ಚಿದ ಸದ್ದಿಗೆ ಮಲಗಿದ್ದವರೂ ಕಣ್ಣು ಬಿಡುತ್ತಾರೆ. ಗ್ಲಾಸುಗಳಲ್ಲಿ ನೊರೆ ಏರಿ ಇಳಿದು, ಮಾಗಿದ ದ್ರಾಕ್ಷಿಯ ಘಮ ಮೇಜಿನ ತುಂಬ ಹರಡುತ್ತದೆ. ಬಾಟಲಿಯ ಮೇಲೆ ಆಸ್ಟಿ ಎಂಬ ಹೆಸರು. ಒಳಗಿರುವುದು ಸಿಹಿಯಾದ, ಗುಳ್ಳೆ ಏಳುವ ವೈನ್.

ನಮ್ಮ ನಗರಗಳ ಪಾರ್ಟಿಗಳಲ್ಲಿ ಈ ದೃಶ್ಯ ತುಸು ಬೇರೆ. ಕೇಕ್ ಕತ್ತರಿಸುವ ಹೊತ್ತಿಗೆ ಸ್ಪಾರ್ಕ್ಲಿಂಗ್ ವೈನ್ ತೆರೆಯಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ತೆರೆಯುವುದು ಬಹುಪಾಲು ಬ್ರುಟ್, ಅಂದರೆ ಸಿಹಿ ಹೆಚ್ಚುಕಮ್ಮಿ ಇಲ್ಲದ್ದು. ಕೆನೆ ಮೆತ್ತಿದ ಕೇಕು ಇನ್ನೂ ಬಾಯಲ್ಲಿರುವಾಗಲೇ ಅದರ ಮೇಲೊಂದು ಗುಟುಕು ಬಿದ್ದರೆ ಮುಖ ಹುಳ್ಳಗಾಗದೆ ಇನ್ನೇನಾದೀತು? ಸಾವಿರಾರು ರೂಪಾಯಿ ಕೊಟ್ಟ ಬಾಟಲಿಯಾದ್ದರಿಂದ ಚೆನ್ನಾಗಿಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಗ್ಲಾಸುಗಳು ಮೆಲ್ಲಗೆ ಕಿಟಕಿಯ ಅಂಚು ಸೇರುತ್ತವೆ.

ತಪ್ಪು ವೈನಿನದಲ್ಲ, ಜೋಡಿಯದ್ದು. ಸಿಹಿಯಾದ ಸ್ಪಾರ್ಕ್ಲಿಂಗ್ ವೈನ್ ಕಲಿಯುವವರ ಪಾನೀಯ, ನಾಲಿಗೆ ಪಳಗಿದವರು ಅದನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ಬೇರೂರಿರುವುದರಿಂದ ಸರಿಯಾದ ಬಾಟಲಿ ಅಂಗಡಿಯ ಕಪಾಟಿನಲ್ಲೇ ಉಳಿಯುತ್ತದೆ.

ಸಿಹಿ ಬರುವ ಎರಡು ದಾರಿ

ದ್ರಾಕ್ಷಿರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಕಾರ್ಬನ್ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ತೆರೆದ ತೊಟ್ಟಿಯಲ್ಲಾದರೆ ಅನಿಲ ಗಾಳಿಗೆ ಸೇರುತ್ತದೆ. ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಕರಗಿ ಕೂರುತ್ತದೆ. ಬಿರಡೆ ತೆಗೆದಾಗ ಗುಳ್ಳೆಯಾಗಿ ಏಳುವುದು ಅದೇ.

ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲಿ ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಲು ಬಿಡುತ್ತಾರೆ. ಎರಡನೆಯ ಸಲ ಹುದುಗುವುದು ಬಾಟಲಿಯೊಳಗೇ. ಆಮೇಲೆ ಬಾಟಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತಲೆಕೆಳಗು ಮಾಡಿ, ಗಷ್ಟನ್ನು ಕುತ್ತಿಗೆಗೆ ಇಳಿಸಿ, ಕುತ್ತಿಗೆಯಷ್ಟನ್ನೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆಯುತ್ತಾರೆ. ಒಳಗಿನ ಒತ್ತಡಕ್ಕೆ ಮಂಜುಗಡ್ಡೆಯ ಜೊತೆ ಗಷ್ಟೂ ಹೊರಗೆ ಚಿಮ್ಮುತ್ತದೆ. ಹಾಗೆ ಖಾಲಿಯಾದ ಜಾಗಕ್ಕೆ ವೈನಿನಲ್ಲಿ ಕರಗಿಸಿದ ಸಕ್ಕರೆ ತುಂಬುತ್ತಾರೆ. ಈ ಕೊನೆಯ ಕೆಲಸಕ್ಕೆ ದೊಸಾಜ್ ಎಂದು ಹೆಸರು. ಬಾಟಲಿ ಸಿಹಿಯೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲಿ.

ಎರಡನೆಯ ದಾರಿ ಆಸ್ಟಿಯದು. ಇಲ್ಲಿ ಸಕ್ಕರೆಯನ್ನು ಹೊರಗಿನಿಂದ ತಂದು ಹಾಕುವುದಿಲ್ಲ. ಯೀಸ್ಟ್ ಅರ್ಧ ಕೆಲಸ ಮಾಡುವಷ್ಟರಲ್ಲಿ ವೈನನ್ನು ಗಡಗಡ ನಡುಗುವಷ್ಟು ತಣ್ಣಗೆ ಮಾಡಿ ಯೀಸ್ಟನ್ನು ತಡೆಯುತ್ತಾರೆ, ಸೋಸಿ ಹೊರಗೆ ಹಾಕುತ್ತಾರೆ. ತಿನ್ನದೆ ಉಳಿದ ಹಣ್ಣಿನ ಸಕ್ಕರೆಯೇ ವೈನಿನ ಸಿಹಿ. ಮದ್ಯಸಾರ ಕಡಿಮೆ ಇರುವುದೂ ಇದೇ ಕಾರಣಕ್ಕೆ. ಸಾಮಾನ್ಯ ವೈನಿನಲ್ಲಿ ಅದು ಶೇ 12ರಿಂದ 14ರಷ್ಟಿದ್ದರೆ ಆಸ್ಟಿಯದೇ ಒಂದು ಬಗೆಯಾದ ಮೊಸ್ಕಾಟೊ ದಾಸ್ಟಿಯಲ್ಲಿ ಶೇ 5ರ ಆಸುಪಾಸು.

ಡ್ರೈ ಎಂದರೆ ಸಿಹಿ!

ಲೇಬಲ್ ಓದಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ‘ಎಕ್ಸ್‌ಟ್ರಾ ಡ್ರೈ’ ಎಂಬಲ್ಲಿ. ಸಿಹಿಯೇ ಇರಲಾರದು ಎಂದುಕೊಂಡು ಕೊಂಡರೆ ಅದು ಬ್ರುಟ್‌ಗಿಂತ ಸಿಹಿ. ಬರೀ ‘ಡ್ರೈ’ ಅಥವಾ ‘ಸೆಕ್’ ಅದಕ್ಕಿಂತಲೂ ಸಿಹಿ. ಎಲ್ಲರೂ ವಿಪರೀತ ಸಿಹಿ ಕುಡಿಯುತ್ತಿದ್ದ ಕಾಲದಲ್ಲಿ ಇಟ್ಟ ಹೆಸರುಗಳಿವು. ಆಗಿನವರ ಲೆಕ್ಕದಲ್ಲಿ ಸೆಕ್ ನಿಜಕ್ಕೂ ಸಪ್ಪೆಯೇ ಇತ್ತು. ಕಾಲ ಬದಲಾಯಿತು, ಹೆಸರು ಬದಲಾಗಲಿಲ್ಲ.

ಐರೋಪ್ಯ ಒಕ್ಕೂಟದ ನಿಯಮದಂತೆ ಬ್ರುಟ್‌ನಲ್ಲಿ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ 12ರಿಂದ 17. ಸೆಕ್ 17ರಿಂದ 32. ಡೆಮಿ ಸೆಕ್ 32ರಿಂದ 50. ಅದಕ್ಕೂ ಮೇಲಿನದು ಡೂ, ಅಂದರೆ ಸಿಹಿ ಎಂದೇ ಕರೆಸಿಕೊಳ್ಳುವುದು. ಲೀಟರಿಗೆ 40 ಗ್ರಾಂ ಇರುವ ಡೆಮಿ ಸೆಕ್‌ನ ಒಂದು ಇಡೀ ಬಾಟಲಿಯಲ್ಲಿರುವುದು 30 ಗ್ರಾಂ ಸಕ್ಕರೆ, ಏಳೆಂಟು ಟೀ ಚಮಚ. ಮೊಸ್ಕಾಟೊ ದಾಸ್ಟಿಯದು ಬೇರೆಯೇ ಲೆಕ್ಕ. ಅದರಲ್ಲಿ ಲೀಟರಿಗೆ 120 ಗ್ರಾಂ ಆಸುಪಾಸು ಇರುವುದುಂಟು, ಕೋಲಾ ಪಾನೀಯಗಳ ಮಟ್ಟಕ್ಕೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಗಮನದಲ್ಲಿಡಬೇಕು.

ಕಡಲಡಿಯ ಬಾಟಲಿಗಳು

ಷಾಂಪೇನ್ ಒಂದು ಕಾಲದಲ್ಲಿ ಎಷ್ಟು ಸಿಹಿಯಿತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಸಮುದ್ರದಲ್ಲಿ. 2010ರಲ್ಲಿ ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಬಳಿ ಬಾಲ್ಟಿಕ್ ಕಡಲಲ್ಲಿ ಮುಳುಗುಗಾರರಿಗೆ ಹಳೆಯ ಹಡಗೊಂದರ ಅವಶೇಷ ಸಿಕ್ಕಿತು. ಸುಮಾರು 50 ಮೀಟರ್ ಆಳದಲ್ಲಿ, ಕತ್ತಲು ಮತ್ತು ಕೊರೆಯುವ ಚಳಿಯಲ್ಲಿ 168 ಬಾಟಲಿಗಳು ಸುಮಾರು 170 ವರ್ಷ ಕಾದಿದ್ದವು. ಕೆಲವು ವೂವ್ ಕ್ಲಿಕೊ ಎಂಬ ಷಾಂಪೇನ್ ಮನೆತನದವು.

ರೀಮ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜಾಂದೆ ಮತ್ತು ಜೊತೆಗಾರರು ಆ ವೈನನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸಕ್ಕರೆ ಲೀಟರಿಗೆ 140 ಗ್ರಾಂ ಮೀರಿತ್ತು. ಇವತ್ತಿನ ಡೆಮಿ ಸೆಕ್‌ಗೆ ಮೂರು ಪಟ್ಟು! ಬಾಟಲಿ ತೆರೆದಾಗ ಮೊದಲು ಬಂದದ್ದು ಒದ್ದೆ ಕೂದಲಿನ, ಚೀಸಿನ ವಾಸನೆ. ಗ್ಲಾಸಿನಲ್ಲಿ ಆಡಿಸಿದ ಮೇಲೆ ಹೊಗೆ, ತೊಗಲು, ಸಾಂಬಾರ, ಆಮೇಲೆ ಹೂವು ಹಣ್ಣುಗಳ ಸುಳಿವು ಕೂಡ ಸಿಕ್ಕಿತಂತೆ. ಅಷ್ಟು ವರ್ಷ ನೀರಿನಡಿ ಇದ್ದ ವೈನಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕೆ?

ಆಗಿನ ರಷ್ಯನ್ನರಿಗೆ ಈ 140 ಗ್ರಾಂ ಕೂಡ ಸಾಲುತ್ತಿರಲಿಲ್ಲ. ಅವರಿಗೆ ಕಳಿಸುತ್ತಿದ್ದ ಷಾಂಪೇನಿನಲ್ಲಿ ಲೀಟರಿಗೆ 200 ಗ್ರಾಂ ದಾಟಿ ಸಕ್ಕರೆ ಇರುತ್ತಿತ್ತು. ಅದೇ ವೂವ್ ಕ್ಲಿಕೊ ಮನೆತನದ ಬಾರ್ಬ್ ನಿಕೋಲ್ ಕ್ಲಿಕೊ 27ನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ಕೈಗೆತ್ತಿಕೊಂಡ ಹೆಣ್ಣುಮಗಳು. ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ, 1814ರಲ್ಲಿ, ಎದುರಾಳಿಗಳಿಗಿಂತ ಮೊದಲು ರಷ್ಯಾಕ್ಕೆ ಸರಕು ತಲುಪಿಸಿ ಹೆಸರು ಮಾಡಿದರು. ರೊಡರೆರ್ ಮನೆತನ 1876ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನಿಗೆಂದೇ ಪಾರದರ್ಶಕ ಗಾಜಿನ, ಚಪ್ಪಟೆ ತಳದ ಬಾಟಲಿಯಲ್ಲಿ ಕ್ರಿಸ್ಟಲ್ ಎಂಬ ಷಾಂಪೇನ್ ತಯಾರಿಸಿತು. ಅದೂ ಸಿಹಿಯೇ. ಇಂದು ಅದೇ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವುದು ಬ್ರುಟ್.

ಗಾಳಿ ತಿರುಗಿದ್ದು ಇಂಗ್ಲೆಂಡಿನಿಂದ. ಊಟದ ಕೊನೆಗೆ ಕುಡಿಯಲು ಅಲ್ಲಿನವರಿಗೆ ಪೋರ್ಟ್, ಶೆರ್ರಿ, ಮದೀರಾ ಎಲ್ಲ ಇದ್ದವು. ಇನ್ನೊಂದು ಸಿಹಿ ಅವರಿಗೆ ಬೇಕಿರಲಿಲ್ಲ. ಊಟಕ್ಕೆ ಮೊದಲು, ಊಟದ ಜೊತೆಗೆ ಕುಡಿಯುವಂಥದ್ದು ಬೇಕಿತ್ತು. ಪೆರಿಯೆ ಜುವೆ ಎಂಬ ಷಾಂಪೇನ್ ಮನೆತನ 1846ರ ಫಸಲಿನಲ್ಲಿ ಸಿಹಿ ಬೆರೆಸದ ಷಾಂಪೇನ್ ಕಳಿಸಿ ನೋಡಿತು. ಮೇಡಂ ಲೂಯಿಸ್ ಪೊಮ್ಮೆರಿ 1874ರ ಫಸಲಿನಿಂದ ತಂದ ಬ್ರುಟ್ ನೆಲೆ ನಿಂತಿತು. ಅಲ್ಲಿಂದ ಮುಂದೆ ಸಿಹಿ ಇಲ್ಲದ್ದೇ ಶ್ರೇಷ್ಠ ಎಂಬ ಭಾವನೆ ಜಗತ್ತಿನ ತುಂಬ ಹಬ್ಬಿತು. ವಿಕ್ಟೋರಿಯಾ ಕಾಲದ ಲಂಡನ್ನಿನ ಊಟದ ಪದ್ಧತಿಯೊಂದನ್ನು ನಾವು ರುಚಿಯ ಶಾಶ್ವತ ನಿಯಮ ಎಂದು ಒಪ್ಪಿಕೊಂಡು ಕೂತಿದ್ದೇವೆ ಎನ್ನುವುದು ನನ್ನ ತಕರಾರು.

ರಷ್ಯನ್ನರು ಮಾತ್ರ ಒಪ್ಪಲಿಲ್ಲ. ಕ್ರಾಂತಿಯಲ್ಲಿ ಚಕ್ರವರ್ತಿ ಹೋದರೂ ಸಿಹಿಯ ಚಪಲ ಹೋಗಲಿಲ್ಲ. 1930ರ ದಶಕದಲ್ಲಿ ಅಂತೋನ್ ಫ್ರೊಲೊವ್ ಬಗ್ರೇಯೆವ್ ಎಂಬ ತಜ್ಞನ ನೆರವಿನಿಂದ ‘ಸೋವಿಯತ್ ಷಾಂಪೇನ್’ ದೊಡ್ಡ ತೊಟ್ಟಿಗಳಲ್ಲಿ ತಯಾರಾಗತೊಡಗಿತು. ಹೊಸ ವರ್ಷದ ರಾತ್ರಿ ಅದರ ಅರೆಸಿಹಿ ಬಾಟಲಿ ಜನಸಾಮಾನ್ಯರ ಮೇಜಿಗೂ ಬಂತು.

ನಮ್ಮ ತಾತ್ಸಾರದ ಮೂಲ

ಕರ್ನಾಟಕದಲ್ಲಿ ಸಿಹಿ ವೈನಿನ ಮೇಲಿನ ತಾತ್ಸಾರಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಅಗ್ಗದ ಸಿಹಿ ‘ಪೋರ್ಟ್’ ತಯಾರಿಸುವುದು ಹಳೆಯ ರೂಢಿ. ಹಲವರು ವೈನ್ ಎಂದು ಮೊದಲು ಕುಡಿದದ್ದು ಅದನ್ನೇ. ಆಮೇಲೆ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ತೋಟದ ಫ್ರೆಂಚ್ ತಳಿಗಳ ವೈನ್ ಬಂತು, ನಾಸಿಕದ ಬಾಟಲಿಗಳು ಬಂದವು. ನಾಲಿಗೆ ಮುಂದಿನ ಕ್ಲಾಸಿಗೆ ಪಾಸಾಯಿತು. ಪಾಸಾದವರಿಗೆ ಹಿಂದಿನ ಕ್ಲಾಸಿನ ಪಾಠ ಕಂಡರೆ ಸಸಾರ ಇದ್ದದ್ದೇ.

ಪಾಪ, ಬೆಂಗಳೂರು ಬ್ಲೂನದು ತಿನ್ನುವ ಹಣ್ಣಾಗಿ, ಜ್ಯೂಸಾಗಿ ಒಳ್ಳೆಯ ಹೆಸರು. ಅದರ ಗಾಢ ವಾಸನೆ ವೈನಿನಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ, ಸಕ್ಕರೆ ಆ ವಾಸನೆಯನ್ನೇನೂ ಮುಚ್ಚುವುದಿಲ್ಲ. ಆ ‘ಪೋರ್ಟ್’ ಕುಡಿದು ಸಿಹಿ ವೈನ್ ಎಂದರೆ ಇಷ್ಟೇ ಎಂದು ಷರಾ ಬರೆದವರು ಒಮ್ಮೆ ಆಸ್ಟಿಯ ಕಡೆ ತಿರುಗಿ ನೋಡಬೇಕು.

ಗುಡ್ಡದ ಇಳಿಜಾರಿನ ಮಸ್ಕಟ್

ಇಟಲಿಯ ವಾಯವ್ಯಕ್ಕಿರುವ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ ಆಸ್ಟಿ, ಕುನಿಯೊ, ಅಲೆಸ್ಸಾಂಡ್ರಿಯ ಜಿಲ್ಲೆಗಳ ಗುಡ್ಡಗಳ ತುಂಬ ಬಿಳಿ ಮೊಸ್ಕಾಟೊ ಎಂಬ ಮಸ್ಕಟ್ ದ್ರಾಕ್ಷಿಯ ಬಳ್ಳಿಗಳಿವೆ. ಕೆಲವು ಇಳಿಜಾರುಗಳು ಎಷ್ಟು ಕಡಿದೆಂದರೆ ಯಂತ್ರ ಹತ್ತುವುದಿಲ್ಲ. ಗೊಂಚಲುಗಳನ್ನು ಕೈಯಲ್ಲೇ ಕತ್ತರಿಸಿ ಇಳಿಸಬೇಕು. ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ.

ಈ ಹಣ್ಣಿನ ವಿಶೇಷವೆಂದರೆ ಅದರ ವೈನ್ ದ್ರಾಕ್ಷಿಯ ವಾಸನೆಯನ್ನೇ ಬೀರುತ್ತದೆ. ಇದರಲ್ಲೇನು ವಿಶೇಷ ಎನ್ನಬೇಡಿ. ಹೆಚ್ಚಿನ ವೈನ್‌ಗಳಲ್ಲಿ ನಿಂಬೆ, ಸೇಬು, ಕಾಳುಮೆಣಸು, ಒದ್ದೆ ಮಣ್ಣು ಎಲ್ಲದರ ವಾಸನೆ ಸಿಕ್ಕರೂ ದ್ರಾಕ್ಷಿಯದು ಸಿಗುವುದು ಅಪರೂಪ. ಮಸ್ಕಟ್‌ನಲ್ಲಿ ಲಿನಲೂಲ್ ಎಂಬ ಪರಿಮಳ ದ್ರವ್ಯ ಧಾರಾಳ. ಧನಿಯದ ಬೀಜವನ್ನು ಕೈಯಲ್ಲಿ ತಿಕ್ಕಿದಾಗ ಬರುವ ಘಮದಲ್ಲಿ, ಮಲ್ಲಿಗೆಯ ಕಂಪಿನಲ್ಲಿ ಇರುವುದೂ ಅದೇ. ಜೊತೆಗೆ ಗುಲಾಬಿಯಲ್ಲಿರುವ ಜೆರಾನಿಯಾಲ್. ಮೈಸೂರು ಮಲ್ಲಿಗೆ ಮುಡಿದವರ ನಡುವೆ ಬೆಳೆದ ಮೂಗಿಗೆ ಈ ವೈನ್ ಅಪರಿಚಿತ ಎನಿಸುವುದಿಲ್ಲ.

ಇದನ್ನು ಸಿಹಿಯಾಗಿ ಉಳಿಸಿಕೊಳ್ಳುವುದು ಹಿಂದೆ ದೊಡ್ಡ ತಲೆನೋವಾಗಿತ್ತು. ಸಕ್ಕರೆಯೂ ಯೀಸ್ಟೂ ಒಂದೇ ಬಾಟಲಿಯಲ್ಲಿ ಉಳಿದರೆ ವಸಂತದ ಬಿಸಿಲು ಬರುತ್ತಲೇ ಮತ್ತೆ ಹುದುಗು ಶುರು, ಬಾಟಲಿಗಳು ಸಿಡಿಯುತ್ತಿದ್ದವು. ಕನೆಲ್ಲಿ ಪಟ್ಟಣದ ಕಾರ್ಲೊ ಗಾಂಚಿಯ ಫ್ರಾನ್ಸಿಗೆ ಹೋಗಿ ಕಲಿತುಬಂದು 1865ರಲ್ಲಿ ಷಾಂಪೇನ್ ವಿಧಾನದಲ್ಲೇ ಮಸ್ಕಟ್ಟಿಗೆ ಗುಳ್ಳೆ ಬರಿಸಿದ. ಕನೆಲ್ಲಿಯ ನೆಲಮಾಳಿಗೆಗಳು ಈಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದರೆ ತಲೆನೋವಿಗೆ ನಿಜವಾದ ಮದ್ದು ಸಿಕ್ಕಿದ್ದು 1895ರಲ್ಲಿ. ಆಸ್ಟಿಯ ವೈನ್ ಸಂಶೋಧನಾ ಕೇಂದ್ರದ ಮುಖ್ಯಸ್ಥ ಫೆದೆರಿಕೊ ಮಾರ್ತಿನೊತ್ತಿ, ಬಾಟಲಿಯ ಬದಲು ಒತ್ತಡ ತಡೆಯುವ ದೊಡ್ಡ ತೊಟ್ಟಿಯಲ್ಲಿ ಹುದುಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅದನ್ನು ಸುಧಾರಿಸಿದ ಫ್ರಾನ್ಸಿನ ಯೂಜಿನ್ ಷಾರ್ಮಾನ ಹೆಸರೇ ಜಗತ್ತಿನಲ್ಲಿ ಹೆಚ್ಚು ಓಡಾಡುತ್ತದೆ. ಇಟಲಿಯವರಿಗೆ ಈ ಬಗ್ಗೆ ಇನ್ನೂ ಸಿಟ್ಟಿದೆ.

ಇಂದು ಹಿಂಡಿದ ರಸವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಬೇಡಿಕೆ ಬಂದಂತೆ ಬೇಕಾದಷ್ಟನ್ನೇ ತೊಟ್ಟಿಗೆ ಹರಿಸಿ ಹುದುಗಿಸಿ ಬಾಟಲಿಗೆ ತುಂಬುತ್ತಾರೆ. ಅಂಗಡಿಗೆ ಬರುವ ವೈನಿನಲ್ಲಿ ತಾಜಾತನ ಉಳಿಯುವ ಗುಟ್ಟು ಇದು. ಪೂರ್ತಿ ನೊರೆಯ ಆಸ್ಟಿ ಸ್ಪುಮಾಂತೆ ಒಂದು ಬಗೆಯಾದರೆ, ಒತ್ತಡ 2.5 ಬಾರ್ ಮೀರದ, ನಾಲಿಗೆಯ ಮೇಲೆ ಸಣ್ಣಗೆ ಚುಮುಗುಡುವ ಮೊಸ್ಕಾಟೊ ದಾಸ್ಟಿ ಇನ್ನೊಂದು. ಎರಡರಲ್ಲಿ ನನ್ನ ಓಟು ಮೊಸ್ಕಾಟೊಗೆ. ಸ್ಪುಮಾಂತೆಯ ನೊರೆಯ ಅಬ್ಬರದಲ್ಲಿ ಪರಿಮಳ ಹಿಂದೆ ಸರಿಯುತ್ತದೆ.

ರುಚಿ ನೋಡುವ ಬಗೆ

ಮೊದಲು ಬಾಟಲಿ ಚೆನ್ನಾಗಿ ತಣ್ಣಗಿರಲಿ, 6ರಿಂದ 8 ಡಿಗ್ರಿ. ಬೆಚ್ಚಗಾದಷ್ಟೂ ಸಿಹಿ ಮುಂದೆ ನುಗ್ಗುತ್ತದೆ, ನೊರೆಯೂ ಬೇಗ ಉಕ್ಕಿ ಹೋಗುತ್ತದೆ. ಹಾಗೆಂದು ಫ್ರೀಜರಿನಲ್ಲಿಟ್ಟು ಕೊರೆಯುವಂತೆ ಮಾಡಿದರೆ ಪರಿಮಳವೇ ಬಾಯಿ ಬಿಡುವುದಿಲ್ಲ.

ತೆರೆಯುವಾಗ ಕ್ರಿಕೆಟ್ ಗೆದ್ದವರ ಹಾಗೆ ಕುಲುಕುವುದು ಬೇಡ. ಷಾಂಪೇನ್ ಬಾಟಲಿಯೊಳಗೆ ವಾತಾವರಣದ ಸುಮಾರು ಆರು ಪಟ್ಟು ಒತ್ತಡ ಇರುತ್ತದೆ, ಹಾರಿದ ಬಿರಡೆ ಕಣ್ಣು ತೆಗೆಯಬಲ್ಲದು. ತಂತಿಯನ್ನು ಆರು ಅರ್ಧ ಸುತ್ತು ಸಡಿಲಿಸಿ, ಬಿರಡೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು, ಬಾಟಲಿಯನ್ನು ವಾಲಿಸಿ ಅದರ ಬುಡವನ್ನು ತಿರುಗಿಸಬೇಕು. ತಿರುಗಬೇಕಾದದ್ದು ಬಾಟಲಿ, ಬಿರಡೆಯಲ್ಲ. ಸರಿಯಾಗಿ ಮಾಡಿದರೆ ಕೇಳುವುದು ಬರೀ ‘ಉಸ್’.

ಗ್ಲಾಸಿನ ಹೊಟ್ಟೆ ತುಸು ಅಗಲ, ಬಾಯಿ ತುಸು ಕಿರಿದು ಇದ್ದರೆ ಸಾಕು. ಹಳೆಯ ಸಿನಿಮಾಗಳಲ್ಲಿ ಕಾಣುವ ಅಗಲ ಬಾಯಿಯ ತಟ್ಟೆಗ್ಲಾಸಿನಲ್ಲಿ ಘಮ ನಿಲ್ಲುವುದಿಲ್ಲ. ಸಣ್ಣ ಕೊಳವೆಯಂಥದ್ದರಲ್ಲಿ ಮೂಗು ಹೋಗುವುದಿಲ್ಲ. ಗುಳ್ಳೆಗಳ ಬಗ್ಗೆ ಬದುಕಿಡೀ ಅಧ್ಯಯನ ಮಾಡಿರುವ ರೀಮ್ಸ್‌ನ ಭೌತವಿಜ್ಞಾನಿ ಜೆರಾರ್ ಲಿಜೆ ಬೆಲೇರ್ ಹೇಳುವಂತೆ, ಗುಳ್ಳೆಗಳ ಸರಪಳಿ ಹುಟ್ಟುವುದು ಗಾಜಿಗೆ ಅಂಟಿದ ಬಟ್ಟೆಯ ಎಳೆ, ಧೂಳಿನ ನಾರುಗಳಿಂದ. ಮೇಲೆ ಬಂದು ಒಡೆಯುವ ಪ್ರತಿ ಗುಳ್ಳೆಯೂ ಪರಿಮಳದ ಹನಿಗಳನ್ನು ಮೂಗಿಗೆ ಎರಚುತ್ತದೆ. ಹಾಗಾಗಿ ಕುಡಿಯುವ ಮುನ್ನ ಒಂದು ಕ್ಷಣ ಗ್ಲಾಸಿನ ಮೇಲೆ ಮೂಗಿಡಿ.

ಈಗ ಒಂದು ಗುಟುಕು. ತಕ್ಷಣ ನುಂಗಬೇಡಿ. ಸಿಹಿ ಮೊದಲು ಬರುತ್ತದೆ, ಅದನ್ನು ಗುರುತಿಸಲು ಯಾರ ನೆರವೂ ಬೇಡ. ಪರೀಕ್ಷೆ ಇರುವುದು ಅದರ ನಂತರ. ರಾಮನವಮಿಯ ಪಾನಕದ ಲೆಕ್ಕವೇ ಇಲ್ಲೂ: ಬೆಲ್ಲದ ನೀರಿಗೆ ನಿಂಬೆಹುಳಿ ಬೀಳದಿದ್ದರೆ ಎರಡನೆಯ ಲೋಟ ಯಾರೂ ಕೇಳುವುದಿಲ್ಲ. ಒಳ್ಳೆಯ ಸಿಹಿ ವೈನಿನಲ್ಲಿ ಹಣ್ಣಿನದೇ ಹುಳಿ ಸಿಹಿಯ ಬೆನ್ನಟ್ಟಿ ಬರುತ್ತದೆ. ಗುಳ್ಳೆಗಳೂ ಅದಕ್ಕೆ ಕೈಜೋಡಿಸುತ್ತವೆ. ಗುಳ್ಳೆಯ ಅನಿಲವನ್ನು ಗುರುತಿಸುವುದು ನಾಲಿಗೆಯಲ್ಲಿ ಹುಳಿಯನ್ನು ಗುರುತಿಸುವ ಜೀವಕೋಶಗಳೇ ಎಂದು ಅಮೆರಿಕದ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ.

ನುಂಗಿದ ಮೇಲೆ ಬಾಯಿ ನೋಡಿಕೊಳ್ಳಿ. ತುಟಿ ಅಂಟಂಟಾಗಿ, ಸಕ್ಕರೆಯಷ್ಟೇ ಗಂಟಲಲ್ಲಿ ಉಳಿದರೆ ಅದು ಮುಖಕ್ಕೆ ಹೊಡೆಯುವ ಸಿಹಿ, ಕಳಪೆ ಬಾಟಲಿ. ಸಿಹಿ ಸರಿದು ಬಾಯಲ್ಲಿ ನೀರೂರಿ, ಹೂವು ಹಣ್ಣಿನ ಘಮ ಮಾತ್ರ ನಿಂತು, ಕೈ ತಾನಾಗಿ ಗ್ಲಾಸಿನತ್ತ ಹೋದರೆ ಮಾಡಿದವರು ಕೆಲಸ ಬಲ್ಲವರು. ಡೆಮಿ ಸೆಕ್ ಷಾಂಪೇನಿನಲ್ಲಿ ಹೂವಿನ ಘಮ ನಿರೀಕ್ಷಿಸಬೇಡಿ. ಅಲ್ಲಿ ಸಿಗುವುದು ಸುಟ್ಟ ಬ್ರೆಡ್ಡು, ಬೇಯಿಸಿದ ಸೇಬು, ಜೇನಿನ ಎಳೆ. ಬ್ರಾಕೆತ್ತೊ ದಾಕ್ವಿ ಎಂಬ ಪೀಡ್‌ಮಾಂಟಿನ ಕೆಂಪು ಬಗೆಯಲ್ಲಿ ಸ್ಟ್ರಾಬೆರಿ, ಗುಲಾಬಿ. ಎಮಿಲಿಯಾ ರೊಮಾನ್ಯಾದ ಸಿಹಿ ಲ್ಯಾಂಬ್ರುಸ್ಕೊದಲ್ಲಿ ಗಾಢ ಕೆಂಪಿನ ಜೊತೆ ಚೂರು ಒಗರು.

ಒಂದು ಎಚ್ಚರಿಕೆ: ಸಿಹಿ ಮದ್ಯಸಾರವನ್ನು ಮರೆಮಾಡುತ್ತದೆ. ಮೊಸ್ಕಾಟೊ ಸೌಮ್ಯ, ಸರಿ. ಆದರೆ ಡೆಮಿ ಸೆಕ್‌ನಲ್ಲಿ ಬ್ರುಟ್‌ನಷ್ಟೇ, ಶೇ 12ರ ಸುಮಾರಿಗೆ ಮದ್ಯಸಾರ ಇರುತ್ತದೆ. ಜ್ಯೂಸಿನ ಹಾಗೆ ಇಳಿಯಿತೆಂದು ಗುಟುಕರಿಸಿದವರನ್ನು ಮನೆಗೆ ಬಿಡಲು ಬೇರೆಯವರು ಬೇಕಾದೀತು.

ಯಾವುದರ ಜೊತೆ?

ನಿಯಮ ಒಂದೇ. ತಿನ್ನುವ ಸಿಹಿಗಿಂತ ಕುಡಿಯುವುದು ಸಿಹಿಯಿರಬೇಕು. ಉಲ್ಟಾ ಆದರೆ ವೈನ್ ಹುಳಿಯಾಗಿ, ತೆಳುವಾಗಿ ಕಾಣುತ್ತದೆ. ಈ ಕಾರಣಕ್ಕೇ ಮೈಸೂರು ಪಾಕ್, ಜಾಮೂನು, ಜಿಲೇಬಿಗಳ ಮುಂದೆ ಯಾವ ಬಾಟಲಿಯೂ ನಿಲ್ಲುವುದಿಲ್ಲ. ಅವುಗಳನ್ನು ಹಾಗೇ ತಿಂದು ನೀರು ಕುಡಿಯುವುದು ವಾಸಿ. ಮಾವು, ಸೀತಾಫಲ, ಹಲಸಿನ ತೊಳೆ, ಸಕ್ಕರೆ ಹಿಡಿತದಲ್ಲಿರುವ ಬಾಳೆಹಣ್ಣಿನ ರಸಾಯನಕ್ಕೆ ಮೊಸ್ಕಾಟೊ ಹೊಂದುತ್ತದೆ. ಸಪ್ಪೆ ಸ್ಪಂಜ್ ಕೇಕಿಗೆ ಡೆಮಿ ಸೆಕ್ ಸಾಕು, ಕೆನೆ ಮೆತ್ತಿದ ಕೇಕಿಗೆ ಆಸ್ಟಿಯೇ ಬೇಕು.

ಇದಕ್ಕಿಂತ ಸೊಗಸಾದ ಜೋಡಿ ಖಾರದ್ದು. ಮದ್ಯಸಾರ ಹೆಚ್ಚಿರುವ ವೈನ್ ಮೆಣಸಿನಕಾಯಿಯ ಉರಿಗೆ ತುಪ್ಪ ಸುರಿಯುತ್ತದೆ. ಮೊಸ್ಕಾಟೊದಲ್ಲಿ ಅದು ಕಡಿಮೆ, ಸಿಹಿ ಉರಿಯನ್ನು ತಣಿಸುತ್ತದೆ, ಗುಳ್ಳೆಯೂ ಮೆತ್ತಗೆ. ಮೆಣಸಿನಕಾಯಿ ಬಜ್ಜಿ, ಮಂಗಳೂರಿನ ಕೋರಿ ಗಸಿ, ಆಂಧ್ರ ಶೈಲಿಯ ಚಿಕನ್ ಫ್ರೈ ಯಾವುದಾದರೂ ಆಗಬಹುದು. ಉಪ್ಪಿನದೂ ಒಳ್ಳೆಯ ಸ್ನೇಹ: ಫ್ರೆಂಚರು ಉಪ್ಪುಪ್ಪಾದ ರೋಕ್‌ಫೋರ್ ಚೀಸಿನ ಜೊತೆ ಸಿಹಿ ವೈನ್ ಇಟ್ಟುಕೊಂಡರೆ ನಮಗೆ ನಿಪ್ಪಟ್ಟು, ಹುರಿದ ಗೋಡಂಬಿ ಇದೆ.

ಕೊಳ್ಳುವಾಗ

ಮೊಸ್ಕಾಟೊ ಇಟ್ಟಷ್ಟೂ ಒಳ್ಳೆಯದಾಗುವ ವೈನ್ ಅಲ್ಲ. ಘಮ ಹಾರಿದರೆ ಉಳಿಯುವುದು ಸಕ್ಕರೆ ನೀರು. ನಮ್ಮಲ್ಲಿ ಆಮದಾದ ಬಾಟಲಿಗಳು ಗೋದಾಮಿನ ಸೆಖೆಯಲ್ಲಿ, ಅಂಗಡಿಯ ಟ್ಯೂಬ್‌ಲೈಟಿನಡಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಲೇಬಲ್ಲಿನ ಮೇಲೆ ಫಸಲಿನ ವರ್ಷ ಇದ್ದರೆ ನೋಡಿ, ಒಂದೆರಡು ವರ್ಷದೊಳಗಿನದ್ದನ್ನೇ ಕೇಳಿ. ಬಿಳಿ ಮೊಸ್ಕಾಟೊದ ಬಣ್ಣ ಎಳೆ ಹುಲ್ಲಿನ ಹಳದಿಯಿಂದ ಕಂದಿನ ಕಡೆ ತಿರುಗಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ ಎನ್ನಿ. ಡೆಮಿ ಸೆಕ್ ಷಾಂಪೇನ್ ಮಾತ್ರ ತಣ್ಣನೆಯ ಕತ್ತಲಲ್ಲಿ ಕೆಲವು ವರ್ಷ ತಾಳುತ್ತದೆ. ತೆರೆದು ಉಳಿದದ್ದನ್ನು ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸಿ. ಬಾಟಲಿಯ ಬಾಯಿಗೆ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಚಮಚ ಮಸಾಲೆ ಡಬ್ಬಿಯಲ್ಲೇ ಇರಲಿ.